ಬೆಳವಕ್ಕೆ ಬಿಟ್ಟ ಮುಂಬಾಗಿಲು

ನಮ್ಮ ಹೊಸ ಮನೆಯ ಗೃಹಪ್ರವೇಶವನ್ನು ನಾವು ಹಿತ್ತಲ ಬಾಗಿಲಿಂದ ಮಾಡಿದೆವು. ಶಿಕಾರಿಪುರದಲ್ಲಿ ಇದರ ಬಗ್ಗೆ ಹತ್ತು ಥರದ ಮಾತು ಓಡಾಡುತ್ತಿದೆ. ಮುಂಬಾಗಿಲಿನ ಅಳತೆ ತಪ್ಪಿತ್ತು ಅನ್ನುತ್ತಾರೆ ಒಬ್ಬರು, ನನಗೇ ತಲೆ ಕೆಟ್ಟಿದೆ ಅನ್ನುತ್ತಾರೆ ಇನ್ನೊಬ್ಬರು. ದಿನಾ ಫೋನಿನ ಮುಂದೆ ಕೂತು ವಿಡಿಯೊದಲ್ಲಿ ಊರಿನ ಕಥೆಯನ್ನೆಲ್ಲ ಹೇಳುವವಳು ನಾನು. ನನ್ನ ಕಥೆಯನ್ನೇ ಬೇರೆಯವರು ತಪ್ಪುತಪ್ಪಾಗಿ ಹೇಳಿಕೊಂಡು ತಿರುಗಿದರೆ ಸುಮ್ಮನಿರಲು ಆಗುವುದಿಲ್ಲ. ಆದದ್ದು ಇಷ್ಟು.

ಸೊರಬ ರಸ್ತೆಯ ಕಡೆಯ ಸೈಟಿನಲ್ಲಿ ಮನೆ ಎದ್ದಿತ್ತು. ಪ್ರವೇಶಕ್ಕೆ ದಿನ ಗೊತ್ತಾಗಿತ್ತು. ಮುಂಬಾಗಿಲ ಮೇಲಿನ ವೆಂಟಿಲೇಟರಿಗೆ ಗಾಜು ಕೂರಿಸುವುದೊಂದು ಬಾಕಿ. ಏಣಿ ಹತ್ತಿದ ಗಾಜಿನವನು ಹಾಗೇ ಇಳಿದು ಬಂದ.

"ಅಕ್ಕಾರೆ, ನಿಮಗಿಂತ ಮುಂಚೆ ಯಾರೋ ಒಕ್ಕಲು ಬಂದಾರೆ, ನೋಡ್ರಿ."

ಹತ್ತಿ ನೋಡಿದೆ. ಹತ್ತೋ ಹದಿನೈದೋ ಕಡ್ಡಿ, ನಡುವೆ ಸೆಂಟ್ರಿಂಗಿನವರು ಬಿಟ್ಟುಹೋದ ಕಟ್ಟುತಂತಿಯ ಎರಡು ತುಂಡು. ಅದನ್ನು ಗೂಡು ಅನ್ನಲು ಧೈರ್ಯ ಬೇಕು. ಅದರಲ್ಲಿ ಎರಡು ಬಿಳಿ ಮೊಟ್ಟೆ. ಕುತ್ತಿಗೆಯಲ್ಲಿ ಚುಕ್ಕೆಚುಕ್ಕೆಯಿದ್ದ ಬೆಳವವೊಂದು, ಪಾರಿವಾಳದ ಬಳಗದ್ದು, ಎದುರಿನ ಕರೆಂಟ್ ತಂತಿಯ ಮೇಲೆ ಕೂತು ನಾವು ಯಾವಾಗ ತೊಲಗುತ್ತೇವೆ ಎಂದು ಕಾಯುತ್ತಿತ್ತು.

ಬೆಳವ ಮನೆ ಹೊಕ್ಕರೆ ಆ ಮನೆಗೆ ಕೇಡು ಎಂಬ ನಂಬಿಕೆ ನಮ್ಮ ಕಡೆ ಗಟ್ಟಿ. ನನ್ನ ತವರು ಹೊಸಬಾಳೆಯಲ್ಲಿ, ಬೆಳವ ಒಳಗೆ ಬಂತೆಂದು ಒಂದು ಮನೆಯವರು ಬಾಗಿಲಿಗೆ ಬೀಗ ಹಾಕಿ ಕೊಟ್ಟಿಗೆಯಲ್ಲಿ ದಿನ ಕಳೆದದ್ದನ್ನು ಚಿಕ್ಕವಳಿದ್ದಾಗ ನೋಡಿದ್ದೇನೆ. ಹಾಗಾಗಿ ಸುದ್ದಿ ಕೇಳಿ ಅತ್ತೆಯ ಫೋನು ಬಂದಾಗ ಆಶ್ಚರ್ಯ ಆಗಲಿಲ್ಲ. ಅತ್ತೆ ಹಳ್ಳಿಯಲ್ಲಿ ಭಾವನ ಜೊತೆ, ಅಂದರೆ ನನ್ನ ಗಂಡನ ಅಣ್ಣನ ಜೊತೆ, ಕುರಿ ಸಾಕಿಕೊಂಡು ಇರುವವರು.

"ಆ ಗೂಡು ಇರೋತನಕ ಆ ಹೊಸ್ತಿಲು ತುಳಿಯಂಗಿಲ್ಲ ನಾನು," ಅಂದರು. ಫೋನು ಇಟ್ಟರು.

ಎಷ್ಟು ದಿನಕ್ಕೆ ಮರಿ ಹಾರುತ್ತದೆ ಎಂದು ಫೋನಿನಲ್ಲಿ ಹುಡುಕಿದೆ. ಬಂದದ್ದೆಲ್ಲ ಅಮೆರಿಕದ ಬೆಳವ. ಬೆಳವ ಅಂದಮೇಲೆ ಬೆಳವ, ಎಲ್ಲಾದರೂ ಒಂದೇ ಎಂದು ಓದುತ್ತಾ ಹೋದೆ. ಅಲ್ಲೊಂದಕ್ಕೆ ಅಳುವ ಬೆಳವ ಎಂದೇ ಹೆಸರು, ಕೂಗಿದರೆ ಗೋಳಾಡಿದ ಹಾಗಿರುತ್ತದಂತೆ. ಅಂಥ ಹೆಸರಿಟ್ಟುಕೊಂಡೂ ಅದು ಜನರ ಬಾಗಿಲ ಮುಂದಿನ ಹೂಕುಂಡದಲ್ಲಿ, ಬಾಗಿಲಿಗೇ ತೂಗುಹಾಕಿದ ಎಲೆಯ ಹಾರದಲ್ಲಿ ಗೂಡು ಕಟ್ಟುತ್ತದೆ. ಮನೆಯವರು ಆ ಬಾಗಿಲು ಹಾಕಿ ತಿಂಗಳೊಪ್ಪತ್ತು ಹಿಂದಿನಿಂದ ಓಡಾಡುತ್ತಾರೆ. ಮರುಭೂಮಿಯಲ್ಲಿ ಮರದೆತ್ತರದ ಕಳ್ಳಿಯ ಹಣ್ಣು ತಿಂದು ಬದುಕುವ ಬಿಳಿ ರೆಕ್ಕೆಯ ಬೆಳವ ಇದೆ. ಚಳಿ ಜಾಸ್ತಿಯಾದರೆ ಒಂದರ ಬೆನ್ನ ಮೇಲೊಂದು ಹತ್ತಿ ಕೂರುವ ಪುಟ್ಟ ಬೆಳವ ಇದೆ.

"ಅಮೆರಿಕದಲ್ಲಿ ಹಗಲು ಹೊತ್ತು ಗಂಡೇ ಕಾವು ಕೂರೋದಂತೆ ಕಣ್ರೀ," ಅಂದೆ ಗಂಡನಿಗೆ.

"ಹೆಣ್ಣು ಫೋನ್ ನೋಡ್ತಿರುತ್ತೇನು ಅವಾಗ?"

ಇದನ್ನೆಲ್ಲ ಹೇಳಿ ವಿಡಿಯೊ ಹಾಕಿದೆ. ನೋಡಿದವರೊಬ್ಬರು ಕೆಳಗೆ ಬರೆದರು: ನಿಮ್ಮ ಹಕ್ಕಿ ಅಮೆರಿಕದ್ದಲ್ಲ ಮೇಡಂ, ನಮ್ಮದೇ ಚುಕ್ಕೆ ಬೆಳವ. ಆದರೆ ನಮ್ಮ ಜೋಳದ ಕಣಗಳಲ್ಲಿ ಕಾಳು ಹೆಕ್ಕುವ, ಕುತ್ತಿಗೆಗೆ ಕರಿ ಪಟ್ಟಿಯ ಬೆಳವದ ಜಾತಿ ಪಂಜರದಿಂದ ತಪ್ಪಿಸಿಕೊಂಡು ಈಗ ಅಮೆರಿಕದ ತುಂಬ ಹರಡಿದೆ ಅಂತ. ಅಲ್ಲಿ ಅದಕ್ಕೆ ಯಾರು ದಿನ ನೋಡಿ ಪ್ರವೇಶ ಮಾಡಿಸಿದ್ದರು, ಹೇಳಿ. ನಾನು ಅವತ್ತೇ ಗಟ್ಟಿ ಮಾಡಿಕೊಂಡೆ, ಗೂಡು ತೆಗೆಯುವುದಿಲ್ಲ.

ಪ್ರವೇಶಕ್ಕೆ ಎರಡು ದಿನ ಇದ್ದಾಗ ಮೊಟ್ಟೆ ಒಡೆದು ಮರಿ ಬಂದವು. ಅದೇ ಮಧ್ಯಾಹ್ನ ಭಾವ ಬೈಕಿನಲ್ಲಿ ಬಂದರು. ಹಿಂದೆ ಅತ್ತೆ, ಅತ್ತೆಯ ಕೈಯಲ್ಲಿ ಬೈಕಿಗಿಂತ ಉದ್ದದ ದೋಟಿ, ಮಾವಿನಕಾಯಿ ಕೀಳುವ ಕೋಲು. ಅತ್ತೆ ಗೇಟಿನಾಚೆಯೇ ನಿಂತರು. ಭಾವ ದೋಟಿ ಹಿಡಿದು ಬಂದರು.

"ನೀ ಒಳಗೆ ಹೋಗವ್ವ. ಒಂದು ನಿಮಿಷದ ಕೆಲಸ."

ನಾನು ಬಾಗಿಲಿಗೆ ಅಡ್ಡ ನಿಂತೆ. "ನೆಂಟರನ್ನ ಗುಡವಿ ಪಕ್ಷಿಧಾಮಕ್ಕೆ ಕರ್ಕೊಂಡು ಹೋಗಿ ಹಕ್ಕಿಮರಿ ತೋರಿಸ್ತೀರಿ. ಇಲ್ಲಿ ಮನೆಬಾಗಿಲಿಗೇ ಬಂದರೆ ಕೋಲು ತರ್ತೀರಿ. ಅಮೆರಿಕದಲ್ಲಿ ಇವು ಬಾಗಿಲಲ್ಲೇ ಗೂಡು ಕಟ್ತಾವೆ ಭಾವ. ಅಲ್ಲಿ ಯಾರ ಮನೆ ಹಾಳಾಗಿದೆ?"

"ಅಮೆರಿಕದೋರು ಮನಿ ಒಳಗೆ ಬೂಟು ಹಾಕ್ಕಂಡು ಅಡ್ಡಾಡ್ತಾರೆ. ಅದನ್ನೂ ಕಲಿ."

ಹಿಂದಿನ ದಿನವಷ್ಟೇ ನಾನು ಅಲ್ಲಿಯದೇ ಇನ್ನೊಂದು ಸಂಗತಿ ಓದಿದ್ದೆ. ಅಲೆಮಾರಿ ಪಾರಿವಾಳ ಎಂದೊಂದಿತ್ತಂತೆ. ಹಿಂಡು ಹಾರಿದರೆ ಸೂರ್ಯ ಕಾಣುತ್ತಿರಲಿಲ್ಲ. ಇಷ್ಟೊಂದಿವೆಯಲ್ಲ, ಮುಗಿಯುತ್ತಾವಾ ಎಂದುಕೊಂಡು ಜನ ಗುಂಡು ಹೊಡೆದರು, ಬಲೆ ಹಾಕಿದರು, ಉದ್ದ ಕೋಲು ತಂದು ಗೂಡಿನಿಂದ ಮರಿಗಳನ್ನು ಕೆಡವಿದರು. ಕೊನೆಯದೊಂದು ಮೃಗಾಲಯದ ಪಂಜರದಲ್ಲಿ ಸತ್ತಿತು. ಈಗ ಒಂದೂ ಇಲ್ಲ. ಅದನ್ನು ಓದಿದ ಕಣ್ಣಿಗೆ ಭಾವನ ಕೈಯ ದೋಟಿ ಬೇರೆಯೇ ಕಂಡಿತು. ಅದರ ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಭಾವ ಎಳೆದರು. ನಾನು ಬಿಡಲಿಲ್ಲ. ಮದುವೆಯಾಗಿ ಬಂದಮೇಲೆ ಅವರೆದುರು ದನಿ ಎತ್ತಿದ್ದು ಅದೇ ಮೊದಲು.

ಗೇಟಿನ ಕಡೆ ತಿರುಗಿ ಕೇಳಿದೆ. "ಅತ್ತೆ, ಮರಿ ಹಾಕಿದ ಕುರೀನ ಯಾವತ್ತಾದ್ರೂ ಹಟ್ಟಿಯಿಂದ ಹೊರಗೆ ಹಾಕಿದೀರಾ?"

ಅತ್ತೆ ಸೆರಗು ಸರಿಮಾಡಿಕೊಂಡರು. "ಮರಿ ಆಗ್ಯಾವೇನು?"

"ಇವತ್ತು ಬೆಳಿಗ್ಗೆ. ಎರಡು. ಅಪ್ಪ ಅಮ್ಮ ಇಬ್ಬರೂ ತಮ್ಮ ಗಂಟಲಿಂದಲೇ ಹಾಲಿನಂಥದ್ದು ತೆಗೆದು ಕೊಡ್ತಾವೆ. ನಾವಿನ್ನೂ ಹಾಲು ಉಕ್ಕಿಸಿಲ್ಲ, ಈ ಮನೆಯಲ್ಲಿ ಮೊದಲ ಹಾಲು ಅವುಗಳದ್ದೇ ಆಯ್ತು."

ಅತ್ತೆ ಬೈಕಿನ ಕಡೆ ತಿರುಗಿದರು. "ಗಾಡಿ ತೆಗಿಯೋ," ಅಂದರು ಮಗನಿಗೆ. ಭಾವ ದೋಟಿಯನ್ನು ನನ್ನ ಕೈಯಲ್ಲೇ ಬಿಟ್ಟು ಹೋದರು.

ಮುಂಬಾಗಿಲಿಗೆ ಬೀಗ ಹಾಕಿದೆ. ಗೂಡಿಗೆ ಹೊಗೆ ಮುಟ್ಟದ ಹಾಗೆ ಹೋಮವನ್ನು ಹಿತ್ತಲಿಗೆ ಸಾಗಿಸಿದೆ. ಆ ದಿನ ಆಕಳು, ಕಳಸ, ನೆಂಟರು ಎಲ್ಲ ಹಿತ್ತಲಿಂದಲೇ ಒಳಗೆ ಬಂದರು. ನಗುವವರು ನಕ್ಕರು. ಊಟ ಯಾರೂ ಬಿಡಲಿಲ್ಲ. ಭಾವ ಬರಲಿಲ್ಲ, ಇನ್ನೂ ಬಂದಿಲ್ಲ. ಅತ್ತೆ ಬಂದರು, ಹಿತ್ತಲಿನ ಶಾಮಿಯಾನದಡಿ ಕೂತು ಉಂಡರು, ಒಳಗೆ ಕಾಲಿಡದೆ ಎದ್ದು ಹೋದರು. ಅದು ನನಗೆ ನೋವಾಗಲಿಲ್ಲ ಎಂದರೆ ಸುಳ್ಳು.

ಮರಿಗಳು ಹಾರಿದವು. ಬಾಗಿಲು ತೊಳೆದು, ರಂಗೋಲಿ ಹಾಕಿ, ಗೂಡು ಖಾಲಿಯಾಯಿತು ಎಂದು ಅತ್ತೆಗೆ ಫೋನು ಮಾಡಿದೆ. ಬಂದರು. ಮುಂಬಾಗಿಲು ಅಗಲವಾಗಿ ತೆರೆದಿತ್ತು. ಮೆಟ್ಟಿಲ ಮೇಲೆ ಕಾಲಿಡುವಷ್ಟರಲ್ಲಿ ತಲೆಯ ಮೇಲಿಂದ ಪಟಪಟ ಸದ್ದು. ಅದೇ ಬೆಳವ, ಬಾಯಲ್ಲೊಂದು ಕಡ್ಡಿ, ಅದೇ ಗೂಡಿಗೆ.

ಅತ್ತೆ ಮೇಲೆ ನೋಡಿದರು. ನನ್ನನ್ನು ನೋಡಿದರು. ಕಾಲು ಹಿಂದೆ ತೆಗೆದು ಗೋಡೆಯ ಪಕ್ಕದಲ್ಲಿ ನಡೆದು ಹೋದರು. ಮತ್ತೆ ಗೇಟಿಗೇ ಹೊರಟರು ಎಂದುಕೊಂಡೆ. ಅಡುಗೆಮನೆಯಿಂದ ಅತ್ತೆಯ ದನಿ ಬಂತು.

"ಮುಂದ್ಲ ಬಾಗಿಲು ಹಾಕ್ಕಳೆ. ಗಾಳಿಗೆ ಬಡಿದ್ರೆ ಎದ್ದು ಹೋಗ್ತೈತಿ ಅದು."

ಮುಂದಿನ ಹೊಸ್ತಿಲು ತುಳಿಯದೆ ತಮ್ಮ ಮಾತನ್ನೂ ಉಳಿಸಿಕೊಂಡರು. ಬಾಗಿಲು ಈಗ ಮತ್ತೆ ಹಾಕಿದೆ. ನಮ್ಮ ಮನೆಗೆ ಬರುವವರು ಸುತ್ತಿ ಬನ್ನಿ. ಹಿತ್ತಲಲ್ಲಿ ಎರಡು ಕಂಬಕ್ಕೆ ಅಡ್ಡ ಕಟ್ಟಿದ ದೋಟಿಯ ಮೇಲೆ ಬಟ್ಟೆ ಒಣಗುತ್ತಿರುತ್ತದೆ, ಅದೇ ಗುರುತು.