ರೆಕ್ಸಿನ್ ಅಂತ ಬರೆಸಿದ ಬೋರ್ಡು

ಜಿಪ್ಪು ಕಿತ್ತುಹೋದ ಕಂದು ಪರ್ಸೊಂದು ಮೊನ್ನೆ ನನ್ನ ಅಂಗಡಿಗೆ ರಿಪೇರಿಗೆ ಬಂತು. ಬಾಯಿ ಬಿಡಿಸಿದರೆ ಕುಂಕುಮ, ಕರ್ಪೂರ, ಅದರಡಿಯಲ್ಲಿ ಚರ್ಮದ ವಾಸನೆ... ಹೊಲಿಗೆ ನನ್ನದೇ. ನನ್ನ ಮೊದಲ ಮಳಿಗೆಯ ಓನರ್ ಆಂಟಿ ನೆನಪಾದರು.

ಮೊಬೈಲು ಆಗಷ್ಟೇ ಎಲ್ಲರ ಕೈಗೆ ಬರುತ್ತಿದ್ದ ಕಾಲ. ಅಪ್ಪ ಮೈಸೂರು ರೋಡಿನ ಫುಟ್‌ಪಾತಿನಲ್ಲಿ ಚಪ್ಪಲಿ ಹೊಲಿದು ನನ್ನನ್ನು ಬಿ.ಕಾಂ. ಓದಿಸಿದ್ದ. ನಮ್ಮ ಮನೆಯಲ್ಲಿ ಡಿಗ್ರಿ ಕಂಡ ಮೊದಲನೆಯವನು ನಾನು. ಯಾರದೋ ಆಫೀಸಿನಲ್ಲಿ ಕೂರುವ ಬದಲು ಅಪ್ಪನ ಕಸುಬನ್ನೇ ಗಾಜಿನ ಶೋಕೇಸಿಗೆ ಏರಿಸುತ್ತೇನೆಂದು ಹಟ ಹಿಡಿದೆ. ಬೆಲ್ಟು, ಪರ್ಸು, ಬ್ಯಾಗು. ಚಂದ್ರಾ ಲೇಔಟಿನಲ್ಲಿ ಆಂಟಿಯ ಮನೆಯ ಕೆಳಗೆ ಮಳಿಗೆ ಸಿಕ್ಕಿತು.

"ಡಿಗ್ರಿ ಹುಡ್ಗ ಅಂತ ಕೊಡ್ತಾ ಇದೀನಿ ಕಣಪ್ಪ," ಎಂದರು ಆಂಟಿ. "ಆದ್ರೆ ಬೋರ್ಡ್ ಮೇಲೆ ಚರ್ಮ, ಲೆದರ್ ಅಂತೆಲ್ಲ ಬೇಡ. ಮೇಲ್ಗಡೆ ದೇವ್ರ ಮನೆ ಇದೆ. ರೆಕ್ಸಿನ್ ಅಂತ ಬರ್ಸು."

"ಒಳಗಿರೋದು ಚರ್ಮ ತಾನೇ ಆಂಟಿ?"

"ಒಳಗೆ ಏನಾದ್ರೂ ಇರ್ಲಿ. ಜನ ಓದೋದು ಬೋರ್ಡ್ ತಾನೆ?"

ಊರೆಲ್ಲ ರೆಕ್ಸಿನ್ನನ್ನು ಚರ್ಮವೆಂದು ಮಾರುತ್ತದೆ. ಚರ್ಮವನ್ನು ರೆಕ್ಸಿನ್ ಎಂದು ಮಾರಲು ಕೂತವನು ನಾನೊಬ್ಬನೇ ಇರಬೇಕು. ನಾಗರಬಾವಿ ಕಡೆಯ ಕಾಲೇಜು ಹುಡುಗರು, "ಏನ್ ಗುರು, ರೆಕ್ಸಿನ್‌ಗೆ ಇಷ್ಟೊಂದಾ?" ಎಂದು ನಕ್ಕು ಹೋಗುತ್ತಿದ್ದರು. ನಿಜ ಹೇಳಲು ಬಾಯಿ ತೆರೆದರೆ ಮೇಲೆ ಬಾಲ್ಕನಿಯಲ್ಲಿ ಆಂಟಿಯ ಕೆಮ್ಮು.

ಮಾತಿಗೆ ಒಳ್ಳೆಯವರೇ... ಹಬ್ಬಕ್ಕೆ ಒಬ್ಬಟ್ಟು ಕಳಿಸುತ್ತಿದ್ದರು. ಪಕ್ಕದ ಜೆರಾಕ್ಸ್ ಅಂಗಡಿಗೆ ಸ್ಟೀಲ್ ತಟ್ಟೆಯಲ್ಲಿ, ನನಗೆ ಪೇಪರ್ ತಟ್ಟೆಯಲ್ಲಿ. ನಾನು ಹೊಲಿದ ಪರ್ಸನ್ನು ಮಾತ್ರ ಆಸೆಪಟ್ಟು ತೆಗೆದುಕೊಂಡರು. "ಯಾರಾದ್ರೂ ಕೇಳಿದ್ರೆ ರೆಕ್ಸಿನ್ ಅಂತೀನಿ ಬಿಡು," ಎಂದು ನಗುತ್ತಾ ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ದೇವಸ್ಥಾನಕ್ಕೆ ಹೊರಟರು.

ಆಯುಧಪೂಜೆಯ ದಿನ ಹೊಲಿಗೆ ಮೆಷಿನ್ನಿನ ಪಕ್ಕ ಅಪ್ಪನ ರಂಪಿಗೆಯನ್ನು, ಅಂದರೆ ಚರ್ಮ ಕೊಯ್ಯುವ ಉಳಿಯನ್ನು, ಇಟ್ಟು ಹೂ ಮುಡಿಸಿದೆ. ಅಪ್ಪ ಬಿಳಿ ಶರ್ಟು ಹಾಕಿಕೊಂಡು ಬಂದಿದ್ದ. ಪ್ರತಿ ಮಳಿಗೆಗೂ ಆಂಟಿಯೇ ಬಂದು ಮಂಗಳಾರತಿ ಎತ್ತುವುದು ರೂಢಿ. ಅವರು ಹೊಸ್ತಿಲಲ್ಲೇ ನಿಂತರು.

"ಅದನ್ನ ಒಳಗೆ ತೆಗ್ದಿಡು. ಮೆಷಿನ್ ಒಂದೇ ಸಾಕು."

ಅಪ್ಪ ಎತ್ತಿಕೊಳ್ಳಲು ಬಗ್ಗಿದ. ನಾನು ಅವನ ಕೈ ಹಿಡಿದೆ. "ಇರ್ಲಿ ಬಿಡಪ್ಪ."

ಆಂಟಿ ಉರಿಯುವ ಕರ್ಪೂರದೊಂದಿಗೇ ಜೆರಾಕ್ಸ್ ಅಂಗಡಿಗೆ ಹೋದರು. ಕಂಕುಳಲ್ಲಿ ನನ್ನ ಪರ್ಸು. ಆ ತಿಂಗಳೇ ಮಳಿಗೆ ಖಾಲಿ ಮಾಡಿಸಿದರು. "ಮನೆ ರಿಪೇರಿ ಕಣಪ್ಪ."

ಈಗ ದೀಪಾಂಜಲಿ ನಗರದಲ್ಲಿ ನನ್ನದೇ ಅಂಗಡಿ. ಬೋರ್ಡಿನ ತುಂಬ ಚರ್ಮ ಎಂಬ ಅಕ್ಷರ. ಮೊನ್ನೆ ಪರ್ಸು ತಂದವರು ಆಂಟಿಯ ಸೊಸೆ. ನನ್ನ ಗುರುತು ಅವರಿಗಿಲ್ಲ.

"ನಮ್ಮತ್ತೇದು ಸಾರ್. ಅವರು ಹೋಗ್ಬಿಟ್ರು. ಕೊನೇವರ್ಗೂ ದೇವ್ರ ಮನೇಲೇ ಇಟ್ಕೊಂಡಿದ್ರು. ನೀವು ರೆಕ್ಸಿನ್ ಕೂಡ ಹೊಲೀತೀರಾ?"

ಕೈಯಲ್ಲಿದ್ದ ಸೂಜಿ ಕೆಳಗಿಟ್ಟೆ. ಒಂದು ಮಾತನ್ನು ಆಂಟಿಯ ಎದುರಿಗೇ ಹೇಳಬೇಕೆಂದು ಇಷ್ಟು ವರ್ಷ ಬಾಯಲ್ಲಿಟ್ಟುಕೊಂಡಿದ್ದೆ. ಕೇಳಬೇಕಾದವರು ಇನ್ನಿಲ್ಲ...

"ಚರ್ಮ ಮೇಡಂ," ಎಂದೆ. "ನಮ್ಮಪ್ಪನ ರಂಪಿಗೇಲಿ ಕೊಯ್ದಿದ್ದು."

ಆಕೆ ಪರ್ಸಿನ ಮೇಲಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆಳೆದು ಸೆರಗಿಗೆ ಒರೆಸಿಕೊಂಡರು.