ಕೊಳ ತಿಳಿಯಾಗಿದ್ದಕ್ಕೆ ಹುಲ್ಲಕ್ಕನಿಗೆ ಗಾಬರಿ

ಬೆಳಗಿನ ಐದೂವರೆ. ಗಣಿಯ ಹೂಳುಕೊಳದ ದಂಡೆಯಲ್ಲಿ ಒಬ್ಬಾಕೆ ಗಾಜಿನ ಬಾಟಲಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನಿಂತಿದ್ದಾರೆ. ಒಳಗಿನ ನೀರು ಕುಡಿಯಬೇಕೆನಿಸುವಷ್ಟು ತಿಳಿ. ನಾನು "ವಾಹ್" ಎನ್ನುತ್ತೇನೆ. ಆಕೆ ನೋಡುವ ನೋಟದಲ್ಲೇ ಗೊತ್ತಾಗುತ್ತದೆ, ನಾನು ಅನ್ನಬಾರದ್ದನ್ನು ಅಂದಿದ್ದೇನೆ.

"ರಾತ್ರಿ ಅಷ್ಟು ಜೋರು ಮಳೆ ಸಾರ್. ನೀರು ಕೆಂಪಗೆ ಬರ್ಬೇಕಿತ್ತು. ಕೊಳ ಒಂದು ಗೇಣೂ ಏರಿಲ್ಲ. ನೀರೆಲ್ಲ ಎಲ್ಲಿಗೆ ಹೋಯ್ತು, ನೀವೇ ಹೇಳಿ."

ನನಗೇನು ಗೊತ್ತು! ಹಸಿರಾದ ಗಣಿಗುಡ್ಡದ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆಯಲು ಬಂದವನು ನಾನು.

ಇಲ್ಲಿ ಎಲ್ಲರಿಗೂ ಈಕೆ ಹುಲ್ಲಕ್ಕ. ಅದಿರಿನ ಮೇಲಿದ್ದ ಬೇಡದ ಕಲ್ಲುಮಣ್ಣನ್ನು ತಂದು ಸುರಿದು ಸುರಿದು ಒಂದು ಗುಡ್ಡವೇ ಆಗಿದೆ. ಅದರೊಳಗೆ ನೀರು ಇಳಿಯದಂತೆ ಜೇಡಿಮಣ್ಣಿನ ಹೊದಿಕೆ ಹಾಕಿ, ಮೇಲೆ ಒಳ್ಳೆಯ ಮಣ್ಣು ಹರಡಿ ಹುಲ್ಲು ಬೆಳೆಸುವುದು, ಮಳೆನೀರು ಗುಡ್ಡವನ್ನು ಕೊರೆಯದಂತೆ ಅಡ್ಡಗಾಲುವೆಗಳಲ್ಲಿ ನಿಧಾನವಾಗಿ ಕೊಳಕ್ಕೆ ಇಳಿಸುವುದು ಇವರ ಕೆಲಸ. ಹನ್ನೊಂದು ವರ್ಷವಾಯಿತು. ದಿನಕ್ಕೆ ಆರು ಕಿಲೋಮೀಟರ್ ಏರಿಳಿತ, ಇಪ್ಪತ್ಮೂರು ಕಾಲುವೆ, ಮೂವತ್ತೊಂದು ಕಲ್ಲುತಡೆ. ಮೊದಲೆರಡು ವರ್ಷ ನೆಟ್ಟದ್ದೆಲ್ಲ ಮೊದಲ ಮಳೆಗೇ ಕೊಚ್ಚಿಹೋಯಿತು. ಮೂರನೇ ವರ್ಷ ಜಾರಿಬಿದ್ದು ಮುರಿದ ಮಣಿಕಟ್ಟು ಚಳಿಗೆ ಈಗಲೂ ನೋಯುತ್ತದೆ.

"ಈ ಮಣ್ಣಿಗೆ ಜೀವ ಬರ್ಸೋದು ಅಂದ್ರೆ ಹಟಮಾರಿ ಮಗೂಗೆ ಉಣ್ಸಿದ ಹಾಗೆ. ಅದು ಬಾಯಿ ತೆಗಿಯೋ ತನಕ ನಾವು ಕಾಯ್ಬೇಕು."

ಮುಂದಿನ ವಾರ ತಪಾಸಣೆ, ಮುಖ್ಯವಾಗಿ ನೋಡುವುದು ಕೊಳದ ನೀರನ್ನೇ. ಪಾಸಾದರೆ ಗುಡ್ಡ ಸರಿಹೋಗಿದೆ ಎಂದು ಷರಾ ಬೀಳುತ್ತದೆ, ಆಮೇಲೆ ಅದರ ಗೋಜಿಗೆ ಯಾರೂ ಬರುವುದಿಲ್ಲ. ಹಾಗಾಗಿ ಗಣಿಯ ಮೇಲ್ವಿಚಾರಕರು ತಿಳಿನೀರು ಕಂಡು ಹಿಗ್ಗಿದ್ದಾರೆ.

"ಹನ್ನೊಂದು ವರ್ಷ ನೀರು ಕೆಂಪು ಅಂತ ಗೋಳು ಹೊಯ್ಕೊಂಡ್ರಿ. ಈಗ ತಿಳಿ ಅಂತ ಗೋಳು! ನಿಮ್ಮ ಹುಲ್ಲೇ ಕೆಲ್ಸ ಮಾಡಿದೆ ಕಣ್ರೀ."

"ಹುಲ್ಲು ಮಣ್ಣನ್ನ ಹಿಡ್ಕೊಳ್ಳತ್ತೆ ಸಾರ್, ಒಪ್ಕೋತೀನಿ. ಅಷ್ಟು ನೀರನ್ನ ಕುಡಿಯತ್ತಾ?"

ಇಬ್ಬರ ಮಾತೂ ಸರಿ ಅನ್ನಿಸಿ ನಾನು ಇಬ್ಬರಿಗೂ ತಲೆಯಾಡಿಸುತ್ತೇನೆ.

ಗುಡ್ಡದ ಬುಡದಲ್ಲೇ ಕಾರ್ಮಿಕರ ಹದಿನಾಲ್ಕು ಮನೆಗಳ ಸಾಲು, ಕೊನೆಯದು ಹುಲ್ಲಕ್ಕನದು. ತಿಂಡಿಗೆಂದು ನನ್ನನ್ನು ಕರೆದುಕೊಂಡು ಹೋದರೆ ಅತ್ತೆ ತಿಂಡಿಯ ತಟ್ಟೆಗಳನ್ನು ಕೈಗಿಡುತ್ತಲೇ ಶುರುಮಾಡುತ್ತಾರೆ. "ನಲ್ಲಿ ಸರಿಯಾಗಿ ನಿಲ್ಸು ಅಂತ ಎಷ್ಟು ಸಲ ಬಡ್ಕೊಳ್ಲಿ? ಒಗೆಯೋ ಕಲ್ಲಿನ ಹತ್ರ ಕಾಲಿಡೋಕಾಗಲ್ಲ, ಪಚಪಚ ಅಂತಿದೆ."

"ನಲ್ಲೀಲಿ ಎರಡು ದಿನದಿಂದ ನೀರೇ ಬಂದಿಲ್ವಲ್ಲ ಅತ್ತೆ," ಎಂದವರು ಗಕ್ಕನೆ ನಿಲ್ಲುತ್ತಾರೆ. ತಮ್ಮ ತಟ್ಟೆಯನ್ನೂ ನನ್ನ ಕೈಗೆ ತುರುಕಿ ಹಿತ್ತಲಿಗೆ ಓಡುತ್ತಾರೆ. ಎರಡು ತಟ್ಟೆ ಹಿಡಿದು ನಾನು ಹಿಂದೆ. ಗುಡ್ಡದ ಬುಡದಿಂದ ನೀರು ಸದ್ದಿಲ್ಲದೆ ಜಿನುಗುತ್ತಿದೆ.

"ಕೊಳಕ್ಕೆ ಹೋಗ್ಬೇಕಾದ ನೀರು ಗುಡ್ಡದ ಹೊಟ್ಟೆ ಸೇರ್ತಿದೆ ಸಾರ್. ಹೊಟ್ಟೆ ತುಂಬಿದ್ರೆ ಗುಡ್ಡ ಜಾರತ್ತೆ. ಜಾರಿದ್ರೆ ಈ ಸಾಲಿನ ಮೇಲೇ."

ನನಗೆ ನಿಜಕ್ಕೂ ಭಯವಾಗುತ್ತದೆ. ಆದರೆ ನೀರು ಒಳನುಗ್ಗುತ್ತಿರುವುದು ಎಲ್ಲಿಂದ? ಮಧ್ಯಾಹ್ನದವರೆಗೆ ಇಪ್ಪತ್ತೆರಡು ಕಾಲುವೆ ನೋಡುತ್ತೇವೆ, ಎಲ್ಲವೂ ಗಟ್ಟಿ. ಹುಲ್ಲಕ್ಕ ತಮಗೇ ಬುದ್ಧಿ ಕೆಟ್ಟಿದೆಯೇನೋ ಎಂದು ಗೊಣಗುತ್ತಾರೆ. ಉಳಿದಿರುವುದು ಎಲ್ಲ ಕಾಲುವೆಗಳ ನೀರೂ ಬಂದು ಸೇರುವ ಕೊನೆಯದು. ಇಡೀ ಗುಡ್ಡದಲ್ಲಿ ಹುಲ್ಲು ಅತಿ ಸೊಂಪಾಗಿರುವುದು ಅದರ ಅಂಚಿನಲ್ಲೇ. ಅದರ ತಳಕ್ಕೆ ಹಾರೆ ಊರಿದರೆ ಹಾರೆ ಸಲೀಸಾಗಿ ಇಳಿದುಹೋಗುತ್ತದೆ. ಹುಲ್ಲಕ್ಕ ಹಾರೆಯನ್ನು ಮೇಲೆಳೆದು, ಅದು ಇಳಿದ ಆಳವನ್ನು ಗೇಣಿನಲ್ಲಿ ಅಳೆಯುತ್ತಾರೆ.

"ಹೋದ ಬೇಸಿಗೇಲಿ ಇದನ್ನ ತೋಡಿದ್ದು ನಾನೇ. ಗುರುತು ಹಾಕಿ ಕೊಟ್ಟಿದ್ದು ಎರಡಡಿ. ಸಸಿಗಳಿಗೆ ನಾಲ್ಕು ದಿನ ಜಾಸ್ತಿ ತೇವ ಇರ್ಲಿ ಅಂತ ಇನ್ನೊಂದಡಿ ತೋಡ್ಬಿಟ್ಟೆ."

ಆ ಒಂದಡಿಗೆ ಜೇಡಿಮಣ್ಣಿನ ಹೊದಿಕೆ ತೂತಾಗಿದೆ. ಹುಲ್ಲಿನ ಮೇಲಿನ ಅಕ್ಕರೆಯೇ ಹೀಗೆ ಮಾಡಿದರೆ ಯಾರನ್ನು ಬೈಯುವುದು? ಸರಿಮಾಡಲು ನಲವತ್ತು ಹೆಜ್ಜೆ ಉದ್ದಕ್ಕೆ ಹುಲ್ಲು ಕಿತ್ತು, ಕಾಲುವೆ ಬಗೆದು, ಜೇಡಿಮಣ್ಣು ತುಂಬಿ ಗಟ್ಟಿಯಾಗುವಂತೆ ಬಡಿದು ದಮ್ಮಸು ಮಾಡಬೇಕು.

"ತಪಾಸಣೆ ಮುಗೀಲಿ, ಆಮೇಲೆ ನೋಡೋಣ," ಎನ್ನುತ್ತಾರೆ ಮೇಲ್ವಿಚಾರಕರು.

"ಮಳೆಗೆ ತಪಾಸಣೆ ತಾರೀಖು ಗೊತ್ತಿಲ್ಲ ಸಾರ್. ನನ್ನ ತಪ್ಪು ಅಂತ ಬರ್ಕೊಡ್ತೀನಿ. ಒಂದ್ಸಲ ನಮ್ಮ ಹಿತ್ತಲಿಗೆ ಬನ್ನಿ."

ಅವರು ಬರುತ್ತಾರೆ. ಒಗೆಯುವ ಕಲ್ಲಿನ ಪಕ್ಕ ಬೂಟು ಊರಿ, ಹೂತುಹೋದ ಬೂಟನ್ನು ಕಿತ್ತುಕೊಳ್ಳುತ್ತಾರೆ. ಸಂಜೆಯೊಳಗೆ ಹದಿನಾಲ್ಕು ಮನೆಯವರೂ ಕ್ಯಾಂಟೀನ್ ಸಭಾಂಗಣಕ್ಕೆ, ಮಣ್ಣಗೆಯುವ ಯಂತ್ರ ಗುಡ್ಡಕ್ಕೆ. ತಪಾಸಣೆಯನ್ನು ಮುಂದೂಡಲಾಗುತ್ತದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಹುಲ್ಲಕ್ಕ ತಮ್ಮ ಕೈಯಾರೆ ಹುಲ್ಲು ಕೀಳುತ್ತಾರೆ.

ಇಪ್ಪತ್ತು ದಿನ ಬಿಟ್ಟು ಮತ್ತೆ ಹೋಗುತ್ತೇನೆ. ಹಿಂದಿನ ದಿನವಷ್ಟೇ ಬಿರುಮಳೆ. ಕೊಳ ತುಂಬಿ ತುಳುಕುತ್ತಿದೆ, ನೀರು ಇಟ್ಟಿಗೆ ಕೆಂಪು. ತಪಾಸಣೆ ಇನ್ನೂ ಬಾಕಿ, ಮೇಲ್ವಿಚಾರಕರ ಮುಖ ಸಪ್ಪೆ. ಹಿತ್ತಲು ಒಣಗಿದೆ. ಕ್ಯಾಂಟೀನಿನ ಗಲಾಟೆಯಲ್ಲಿ ನಿದ್ದೆಯೇ ಇರಲಿಲ್ಲವೆಂದು ಅತ್ತೆ ಗೊಣಗುತ್ತ ಮನೆಗೆ ಮರಳಿದ್ದಾರೆ. ಸಂತೋಷ ಪಡಬೇಕೋ ಬಿಡಬೇಕೋ ತಿಳಿಯದೆ, "ನಿಮ್ಮ ಬಗ್ಗೆ ಏನೆಂದು ಬರೆಯಲಿ?" ಎಂದು ಹುಲ್ಲಕ್ಕನನ್ನೇ ಕೇಳುತ್ತೇನೆ.

ಅವರು ಕೆಂಪು ನೀರು ತುಂಬಿದ ಬಾಟಲಿಯ ಮುಚ್ಚಳ ತಿರುಗಿಸುತ್ತಾರೆ.

"ತಪ್ಪು ತೋಡಿದ್ದು ನಾನೇ ಅಂತ ಬರೀರಿ. ಹುಡುಕಿದ್ದೂ ನಾನೇ ಅಂತ ಅದರ ಕೆಳಗೇ ಬರೀರಿ. ಒಂದನ್ನ ಬರ್ದು ಇನ್ನೊಂದನ್ನ ಬಿಡ್ಬೇಡಿ."