ಆಬ್ಜ್ಯೂರ್ ಎಂಬ ಮಾತಿನೊಳಗಿನ ಆಣೆ

೧೯೪೨ರಲ್ಲಿ ನಾನು ಮದ್ದೂರಿನ ಕೋರ್ಟಿನಲ್ಲಿ ಭಾಷಾಂತರದ ಗುಮಾಸ್ತನಾಗಿದ್ದೆ. ಇಂಗ್ಲಿಷಿನ ಕಾಗದವನ್ನು ಕಕ್ಷಿಗಾರನಿಗೆ ಕನ್ನಡದಲ್ಲಿ ಓದಿ, ಅವನು ಹೆಬ್ಬೆಟ್ಟು ಒತ್ತಿದ ಮೇಲೆ ಕೆಳಗೆ ‘ಓದಿ ತಿಳಿಸಿದ್ದೇನೆ’ ಎಂದು ಬರೆದು ರುಜು ಹಾಕುವುದು ನನ್ನ ಕೆಲಸ. ಓದುವುದೇನೋ ಓದುತ್ತಿದ್ದೆ, ತಿಳಿಸುತ್ತಿದ್ದೆನೇ ಎಂದು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಆ ವರ್ಷ ಚಳವಳಿಯಲ್ಲಿ ಸಿಕ್ಕಿಬಿದ್ದವರಲ್ಲಿ ಬೆಸಗರಹಳ್ಳಿಯ ರೈತ ನಿಂಗೇಗೌಡನೂ ಒಬ್ಬ. ಅವನ ತಾಯಿ ಹಾಸಿಗೆ ಹಿಡಿದಿದ್ದಳು, ಇಂದೋ ನಾಳೆಯೋ ಎನ್ನುವಂತಿತ್ತು. ಮ್ಯಾಜಿಸ್ಟ್ರೇಟರು ಕೆಟ್ಟವರಲ್ಲ. ಮುಚ್ಚಳಿಕೆ ಬರೆದುಕೊಟ್ಟರೆ ಈ ದಿನವೇ ಬಿಡುತ್ತೇನೆಂದು ಒಂದು ಕಾಗದವನ್ನು ನನ್ನ ಕೈಗಿತ್ತರು. ಚಳವಳಿಯನ್ನು ‘ಆಬ್ಜ್ಯೂರ್’ ಮಾಡುತ್ತೇನೆ ಎಂದು ಅದರಲ್ಲಿತ್ತು.

ಬಿಡುವುದಕ್ಕೆ ಇಂಗ್ಲಿಷಿನಲ್ಲಿ ಹತ್ತಾರು ಮಾತುಗಳಿವೆ. ಇದೇ ಏಕೆ ಎಂದು ನಿಘಂಟು ತೆಗೆದೆ. ಮೂಲ ಲ್ಯಾಟಿನ್: ‘ಆಬ್’ ಎಂದರೆ ದೂರ, ‘ಯೂರಾರೆ’ ಎಂದರೆ ಆಣೆ ಮಾಡುವುದು. ಹಿಂದೆ ಇಂಗ್ಲೆಂಡಿನಲ್ಲಿ ಚರ್ಚಿನೊಳಗೆ ಅವಿತುಕೊಂಡ ಅಪರಾಧಿ, ದೇಶ ಬಿಟ್ಟು ಹೋಗುತ್ತೇನೆ, ಮರಳಿ ಬರುವುದಿಲ್ಲ ಎಂದು ಆಣೆಯಿಟ್ಟರೆ ಜೀವ ಉಳಿಯುತ್ತಿತ್ತಂತೆ. ಅದಕ್ಕೂ ಇದೇ ಮಾತು. ಬರೀ ಬಿಡುವುದಲ್ಲ, ಆಣೆಯಿಟ್ಟು ಬಿಡುವುದು. ಪುಸ್ತಕ ಮುಚ್ಚಿದೆ. ಇಷ್ಟೆಲ್ಲ ಅವನಿಗೇಕೆ, ಮೊದಲು ಮನೆ ಸೇರಲಿ ಎಂದುಕೊಂಡೆ.

ಮಧ್ಯಾಹ್ನ ಅವನನ್ನು ಕರೆತಂದರು. ಜಗಲಿಯಲ್ಲಿ ಅವನ ಅಕ್ಕ ಕಾದಿದ್ದಳು. “ಒತ್ಬುಟ್ಟು ಬಾರ್ಲಾ ನಿಂಗ. ಅವ್ವ ನಿನ್ನೇ ಕೇಳ್ತಾವ್ಳೆ ಕಣ್ಲಾ,” ಎಂದಳು.

“ಇನ್ನು ಚಳವಳಿಗೆ ಹೋಗಲ್ಲ ಅಂತ ಬರೆದಿದೆ ಕಣಪ್ಪ,” ಎಂದೆ. ಅವನು ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡ. ಕಾಗದದ ಮೇಲೆ ಕೈ ತಂದವನು ಅಲ್ಲೇ ನಿಲ್ಲಿಸಿ ಕೇಳಿದ: “ಆಣೆಗೀಣೆ ಏನೂ ಇಲ್ವಲ್ಲ ಸ್ವಾಮಿ? ನಾನು ಊರ ಮುಂದೆ ಕರ್ಪೂರ ಆರ್ಸಿ ಸೇರ್ಕಂಡೋನು.”

ಉರಿಯುವ ಕರ್ಪೂರವನ್ನು ದೇವರೆದುರು ಅಂಗೈಯಿಂದ ಆರಿಸಿ ಆಡಿದ ಮಾತನ್ನು ನಮ್ಮ ಕಡೆ ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಇಲ್ಲ ಎಂದುಬಿಡಬಹುದಿತ್ತು. “ಇದೆ ಕಣಪ್ಪ. ಆ ಮಾತಿನ ಅರ್ಥವೇ ಆಣೆಯಿಟ್ಟು ಬಿಡೋದು,” ಎಂದೆ.

“ಮನೇಲಿ ಕುಂತಿರು ಅನ್ನಿ, ಕುಂತಿರ್ತೀನಿ. ಆಣೆ ಮ್ಯಾಲೆ ಆಣೆ ಇಕ್ಕಾಕಾಗಕಿಲ್ಲ,” ಎಂದು ಹೆಬ್ಬೆಟ್ಟನ್ನು ಪಂಚೆಗೆ ಒರೆಸಿಕೊಂಡ. ನಾನು ಮ್ಯಾಜಿಸ್ಟ್ರೇಟರ ಬಳಿ ಹೋಗಿ ಆ ಒಂದು ಮಾತು ತೆಗೆಯಬಹುದೇ ಎಂದು ಕೇಳಿದೆ. ಮೇಲಿನಿಂದ ಬಂದ ಒಕ್ಕಣೆ, ಆಗದು ಎಂದರು. ಅಕ್ಕ ನನ್ನನ್ನೇ ದುರುಗುಟ್ಟಿ ನೋಡಿ ಒಬ್ಬಳೇ ಹೊರಟುಹೋದಳು. ಐದನೆಯ ದಿನ ತಾಯಿ ತೀರಿಕೊಂಡ ಸುದ್ದಿ ಬಂತು. ಒಂದು ಲ್ಯಾಟಿನ್ ಮಾತಿಗೋಸ್ಕರ ತಾಯಿ ಮಗನನ್ನು ಅಗಲಿಸಿದೆನಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು.

ಮರುವರ್ಷ ಬಿಡುಗಡೆಯಾದವನು ನೇರವಾಗಿ ನನ್ನ ಮೇಜಿನ ಬಳಿಗೆ ಬಂದ. ಬೈಯಲಿ ಎಂದೇ ತಲೆ ತಗ್ಗಿಸಿ ಕುಳಿತೆ.

“ಅವತ್ತು ನೀವೊಂದು ಸುಳ್ಳು ಯೋಳಿದ್ರೆ ಅವ್ವನ ಮಕ ನೋಡ್ತಿದ್ದೆ ಸ್ವಾಮಿ,” ಎಂದ. ಬಾಗಿಲವರೆಗೆ ಹೋಗಿ ತಿರುಗಿ ನಿಂತು, “ಆಮ್ಯಾಕೆ ನಿಮ್ ಮಕ ನೋಡ್ತಿರ್ಲಿಲ್ಲ,” ಎಂದು ಹೊರಟುಹೋದ.

ಅವನು ಕ್ಷಮಿಸಿದನೋ ಇಲ್ಲವೋ, ನನಗೆ ಇಂದಿಗೂ ತಿಳಿಯದು. ಆಮೇಲೆ ಕೆಲಸದಲ್ಲಿದ್ದಷ್ಟು ಕಾಲವೂ, ಎದುರಿಗಿದ್ದವರಿಗೆ ಏನು ತಿಳಿಯಿತೆಂದು ಅವರ ಬಾಯಲ್ಲೇ ಹೇಳಿಸದೆ ನಾನು ರುಜು ಹಾಕಲಿಲ್ಲ. ‘ಓದಿ ತಿಳಿಸಿದ್ದೇನೆ’ ಎನ್ನುವುದೂ ಒಂದು ಆಣೆಯೇ. ಅಲ್ಲಿಯವರೆಗೆ ಅದನ್ನು ದಿನವೂ ಇಡುತ್ತಿದ್ದೆ, ಗೊತ್ತಿರಲಿಲ್ಲ.